ಅಪ್‌ಡೇಟ್: ಅಭಯಾರಣ್ಯದಲ್ಲಿ ಕಪ್ಪೆಗಳ ಅಧ್ಯಯನಕ್ಕೆ ಅನುಮತಿ ದೊರೆಯಿತು

ಮಲೆನಾಡಿನ ಅಭಯಾರಣ್ಯವೊಂದರ ಹಳ್ಳದ ದಂಡೆಯಲ್ಲಿ ಮಳೆಗಾಲದ ಕಪ್ಪೆಗಳನ್ನು ಅಧ್ಯಯನ ಮಾಡಲು ಯಾರ ಅನುಮತಿ ಪಡೆಯಬೇಕು ಎಂದು ಕೇಳಿದ್ದೆ. ಅನುಮತಿ ಪತ್ರ ಈಗ ಕೈಸೇರಿದೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು.

ವಲಯ ಅರಣ್ಯಾಧಿಕಾರಿಗಳ ಒಪ್ಪಿಗೆಯೇ ಸಾಕು ಎಂಬ ಸಲಹೆ ಫಲಿಸಲಿಲ್ಲ. ಅವರು ಸೌಜನ್ಯದಿಂದಲೇ ಮಾತನಾಡಿದರು, ಆದರೆ ಅಭಯಾರಣ್ಯದೊಳಗೆ ಸಂಶೋಧನೆಗೆಂದು ಪ್ರವೇಶ ನೀಡುವ ಅಧಿಕಾರ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ, ಮುಖ್ಯ ವನ್ಯಜೀವಿ ಪರಿಪಾಲಕರದ್ದು. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಅರಣ್ಯ ಭವನಕ್ಕೇ ಅರ್ಜಿ ಸಲ್ಲಿಸಿ, ಜೊತೆಗೆ ಕಾಲೇಜಿನ ಪತ್ರ, ತಂಡದವರ ಹೆಸರು, ದಿನಾಂಕ ಹಾಗೂ ಹಳ್ಳದ ಜಾಗ ಗುರುತಿಸಿದ ನಕ್ಷೆ ಇರಲಿ ಎಂದವರ ಮಾತು ನಮ್ಮ ಕೈಹಿಡಿಯಿತು.

ನನಗೆ ಗೊತ್ತೇ ಇರದಿದ್ದ ಸಂಗತಿಯೊಂದಿದೆ. ಕಾಯ್ದೆಯ ವ್ಯಾಖ್ಯಾನದಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದೂ ಸೇರುತ್ತದೆ. ‘ಅಗತ್ಯವಿದ್ದರೆ ಕಪ್ಪೆ ಹಿಡಿದು ಅಳತೆ ತೆಗೆಯಲಾಗುವುದು’ ಎಂಬ ಒಂದೇ ಸಾಲಿನಿಂದ ನಮ್ಮ ಮೊದಲ ಅರ್ಜಿ ಹಿಂದಿರುಗಿತ್ತು. ಕೂಗಿನ ಧ್ವನಿಮುದ್ರಣ ಮತ್ತು ಛಾಯಾಚಿತ್ರಗಳಿಗಷ್ಟೇ ಸೀಮಿತಗೊಳಿಸಿ ಮತ್ತೆ ಬರೆದೆವು. ಅದೇ ಸರಿಯಾದ ಕ್ರಮವೆಂದು ಈಗ ನನಗೂ ಅನ್ನಿಸುತ್ತದೆ.

ಮೊದಲ ಸಂಜೆ ಸುರಿಯುವ ಮಳೆಯಲ್ಲಿ ಅರಣ್ಯ ರಕ್ಷಕರು ಟಾರ್ಚನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಪತ್ರದ ಸಂಖ್ಯೆಯನ್ನು ರಿಜಿಸ್ಟರಿಗೆ ಬರೆದುಕೊಂಡರು, ಒಂದು ಪ್ರತಿಯನ್ನು ಚೆಕ್‌ಪೋಸ್ಟಿನಲ್ಲೇ ಇರಿಸಿಕೊಂಡರು. ಹೋಗುವವರು ಎರಡು ಪ್ರತಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಒಯ್ಯಿರಿ.