ಕೋಲಾರದ ಷೇರು ಬಳಗ: ಆಪ್ಷನ್ ಚೈನ್ ಬಗ್ಗೆ ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಡೀಲಿಂಗ್ ಡೆಸ್ಕ್‌ನಲ್ಲಿ 16 ವರ್ಷ ಕೆಲಸ ಮಾಡಿದ ಮೇಡಂ ಇವತ್ತು ಗುರುವಾರ ಸಂಜೆ ನಮ್ಮ ಜೊತೆ ಇರುತ್ತಾರೆ. ವಿಷಯ: ಷೇರುಗಳ ಆಪ್ಷನ್ ಚೈನ್ (ನಿಗದಿ ಬೆಲೆಗೆ ಷೇರು ಕೊಳ್ಳುವ, ಮಾರುವ ಒಪ್ಪಂದಗಳ ದರಪಟ್ಟಿ) ಓದುವುದು, ಬೆಲೆ ಕ್ಯಾಲ್ಕುಲೇಟರ್ ಬಳಸುವುದು. ಟಿಪ್ಸ್ ಕೇಳಬೇಡಿ.

ಬಂಗಾರಪೇಟೆ: ಮೇಡಂ, ನಾಳೆಗೆ ಒಂದು ಒಳ್ಳೇ ಕಾಲ್ ಹೇಳಿ.

ಮೇಡಂ: ಅಡ್ಮಿನ್ ಬರೆದ ಕೊನೇ ಸಾಲು ಓದಿ.

ಮಾಲೂರು: ಎನ್‌ಎಸ್‌ಇ ಸೈಟಿನ ಚೈನ್‌ನಲ್ಲಿ ಇಷ್ಟೊಂದು ಕಾಲಂ ಇವೆ. ಮೊದಲು ಯಾವುದನ್ನು ನೋಡಬೇಕು ಮೇಡಂ?

ಮೇಡಂ: ನಡುವೆ ಸ್ಟ್ರೈಕ್, ಅಂದರೆ ಒಪ್ಪಂದದ ನಿಗದಿ ಬೆಲೆ. ಎಡಕ್ಕೆ ಕಾಲ್, ಆ ಬೆಲೆಗೆ ಕೊಳ್ಳುವುದು. ಬಲಕ್ಕೆ ಪುಟ್, ಆ ಬೆಲೆಗೆ ಮಾರುವುದು. ಎಲ್ಲರ ಕಣ್ಣೂ ಎಲ್‌ಟಿಪಿ (ಕೊನೆಯ ವ್ಯಾಪಾರದ ಬೆಲೆ) ಮೇಲೇ ಹೋಗುತ್ತದೆ. ನೀವು ಬಿಡ್ (ಕೊಳ್ಳುವವರು ಕೊಡುವ ಬೆಲೆ), ಆಸ್ಕ್ (ಮಾರುವವರು ಕೇಳುವ ಬೆಲೆ) ನೋಡಿ, ಆಮೇಲೆ ವಾಲ್ಯೂಮ್, ಅಂದರೆ ಎಷ್ಟು ವ್ಯಾಪಾರ ಆಗಿದೆ ಅಂತ. ಬಿಡ್-ಆಸ್ಕ್ ನಡುವೆ ಅಂತರ ಜಾಸ್ತಿ ಇದ್ದರೆ ಆ ಸ್ಟ್ರೈಕ್ ಬಿಟ್ಟುಬಿಡಿ.

ಮುಳಬಾಗಿಲು: ಮೇಡಂ, ನಾನು ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವವನು. ಒಂದು ಷೇರಿನ 900 ಸ್ಟ್ರೈಕ್ ಕಾಲ್, ಒಂದೇ ಲಾಟ್ ಅಂದರೆ 700 ಷೇರಿನದು, ಷೇರಿಗೆ 30 ರೂಪಾಯಿ ಪ್ರೀಮಿಯಂ ಕೊಟ್ಟು ತಗೊಂಡೆ. ಷೇರು ಈಗ 940. ಚೈನ್‌ನಲ್ಲಿ ಎಲ್‌ಟಿಪಿ 52 ಇದೆ, ಕ್ಯಾಲ್ಕುಲೇಟರ್ 43 ಅನ್ನುತ್ತಿದೆ. ಮಾರಲು ಹೋದರೆ 34ರ ಮೇಲೆ ಕೇಳುವವರೇ ಇಲ್ಲ. ಮಂಗಳವಾರ ಎಕ್ಸ್‌ಪೈರಿ, ಕಾಲ್ ಮುಗಿಯುವ ದಿನ. ಮಾರ್ಜಿನ್ (ಭದ್ರತೆಗೆ ಇಡುವ ಹಣ) ಹಾಕಿ ಅಂತ ಬ್ರೋಕರ್ ಮೆಸೇಜ್ ಬೇರೆ. ಕೊಂಡವನಿಗೆ ಪ್ರೀಮಿಯಂ ಬಿಟ್ಟರೆ ಇನ್ನೇನೂ ಹೋಗಲ್ಲ ಅಲ್ವಾ? ಸುಮ್ನೆ ಬಿಟ್ಟುಬಿಡಲಾ?

ಮೇಡಂ: ಬಿಡಬೇಡಿ. ಇದನ್ನು ಪೂರ್ತಿ ಓದಿ.

ಮೊದಲು ಆ 52. ಅದು ಕೊನೆಯ ಸಲ ವ್ಯಾಪಾರ ಆದ ಬೆಲೆ ಅಷ್ಟೇ. ನಿನ್ನೆ ಷೇರು ಮೇಲಿದ್ದಾಗ ಒಂದೇ ಒಂದು ಲಾಟ್ ಹೋಗಿರಬಹುದು. ನಿಮ್ಮ ಮಂಡಿಯಲ್ಲಿ 15 ಕೆಜಿ ಬಾಕ್ಸ್ ನಿನ್ನೆ 600ಕ್ಕೆ ಹೋಯಿತು ಅಂತ ಇವತ್ತಿನ ರೈತನಿಗೆ 600 ಬರೆದು ಕೊಡುತ್ತೀರಾ? ಇವತ್ತು ಕೂಗಿದ್ದೇ ರೇಟು. ಇಲ್ಲಿ ಕೂಗು ಅಂದರೆ ಬಿಡ್.

ಆಮೇಲೆ 43. ಷೇರಿನ ಬೆಲೆ, ಸ್ಟ್ರೈಕ್, ಉಳಿದ ದಿನ, ಬಡ್ಡಿ, ಐವಿ (ಷೇರು ಎಷ್ಟು ಏರಿಳಿಯಬಹುದು ಅನ್ನುವ ಮಾರುಕಟ್ಟೆಯ ಅಂದಾಜು, ಶೇಕಡಾದಲ್ಲಿ) ಹಾಕಿದರೆ ಬ್ಲಾಕ್-ಶೋಲ್ಸ್ ಸೂತ್ರ ಒಂದು ಬೆಲೆ ಕೊಡುತ್ತದೆ. 1973ರ ಸೂತ್ರ. ಲೆಕ್ಕ ಸರಿಯಾಗೇ ಇದೆ, ಆದರೆ ಅದು ಗಿರಾಕಿಯನ್ನು ಕರೆದುಕೊಂಡು ಬರುವುದಿಲ್ಲ.

ಈಗ ನಿಜವಾದ ಭಯ. 2019ರ ಅಕ್ಟೋಬರ್‌ನಿಂದ ನಮ್ಮಲ್ಲಿ ಎಲ್ಲ ಷೇರು ಆಪ್ಷನ್‌ಗಳೂ ಡೆಲಿವರಿಯಲ್ಲೇ ತೀರುತ್ತವೆ. ಮಂಗಳವಾರ ಷೇರು 900ರ ಮೇಲೆ ನಿಂತರೆ 700 ಷೇರನ್ನು ನೀವು 900ರಂತೆ ಕೊಳ್ಳಲೇಬೇಕು. 6,30,000 ರೂಪಾಯಿ. ಇದೆಯಾ? ಆ ಷೇರು ಕೈಗೆ ಬಂದು ಮಾರುವ ಹೊತ್ತಿಗೆ 860 ಆಗಿದ್ದರೆ 28,000 ಹೋಯಿತು, ಪ್ರೀಮಿಯಂ 21,000 ಬೇರೆ. ‘ಪ್ರೀಮಿಯಂ ಅಷ್ಟೇ ನಷ್ಟ’ ಅನ್ನುವ ಮಾತು ನಿಫ್ಟಿ ಆಪ್ಷನ್‌ಗೆ ಸರಿ, ಅದು ಹಣದಲ್ಲೇ ತೀರುತ್ತದೆ. ಷೇರಿನದಕ್ಕೆ ಕೊನೆಯ 4 ದಿನ ಮಾರ್ಜಿನ್ ದಿನದಿನಕ್ಕೂ ಏರುತ್ತದೆ. ಮೆಸೇಜ್ ಬಂದಿದ್ದು ಅದಕ್ಕೇ.

ನಾಳೆ 9:15ಕ್ಕೇ ನುಗ್ಗಬೇಡಿ. ಹತ್ತು ಗಂಟೆ ದಾಟಲಿ. 39ಕ್ಕೆ ಲಿಮಿಟ್ ಆರ್ಡರ್ (ಅದಕ್ಕಿಂತ ಕಡಿಮೆಗೆ ಮಾರಬೇಡ ಅನ್ನುವುದು) ಹಾಕಿ, ಕಾಯಿರಿ, ಸ್ವಲ್ಪ ಸ್ವಲ್ಪ ಇಳಿಸಿ. ಮಾರ್ಕೆಟ್ ಆರ್ಡರ್ (ಸಿಕ್ಕಿದ ಬೆಲೆಗೆ ಮಾರು ಅನ್ನುವುದು) ಬೇಡವೇ ಬೇಡ. 34ಕ್ಕೇ ಹೋದರೂ 23,800 ಬರುತ್ತದೆ. 940ರಲ್ಲಿ 900 ಕಳೆದರೆ ನೇರ ಲೆಕ್ಕಕ್ಕೇ 40 ಇರುವಾಗ ಕಡಿಮೆಗೆ ಯಾಕೆ ಅಂತ ಕೇಳುತ್ತೀರಿ. ಡೆಲಿವರಿಯ ತಲೆನೋವು ಈಗ ಕೊಳ್ಳುವವನಿಗೆ ಹೋಗುತ್ತದೆ, ಅವನು ಅದಕ್ಕೆ ಕೂಲಿ ಮುರಿದುಕೊಳ್ಳುತ್ತಾನೆ.

ಕೆಜಿಎಫ್: ‘ಎಕ್ಸ್‌ಪೈರಿ ದಿನ ಮಧ್ಯಾಹ್ನ 1 ರೂಪಾಯಿ ಆಪ್ಷನ್ ತಗೊಳ್ಳಿ, 50 ಆಗುತ್ತದೆ. 10 ಗ್ರೂಪ್‌ಗೆ ಕಳಿಸಿ.’ ಇದು ನಿಜವಾ ಮೇಡಂ?

ಮೇಡಂ: ಷೇರುಪೇಟೆಯ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ 3 ವರ್ಷದ ಲೆಕ್ಕ ಕೊಟ್ಟಿತು. ಎಫ್ ಅಂಡ್ ಓ (ಫ್ಯೂಚರ್, ಆಪ್ಷನ್) ಆಡಿದ ಸಾಮಾನ್ಯ ಜನರಲ್ಲಿ 100ಕ್ಕೆ 93 ಮಂದಿಗೆ ನಷ್ಟ. ಫಾರ್ವರ್ಡ್ ಮಾಡಲೇಬೇಕು ಅಂದರೆ ಇದನ್ನು ಮಾಡಿ.

ಶ್ರೀನಿವಾಸಪುರ: ಕಾಲ್ ಓಐ ಜಾಸ್ತಿ ಇರುವ ಸ್ಟ್ರೈಕನ್ನು ಷೇರು ದಾಟಲ್ಲ ಅಂತಾರಲ್ಲ?

ಮೇಡಂ: ದಾಟುತ್ತದೆ. ಓಐ ಅಂದರೆ ತೀರದೆ ಉಳಿದ ಒಪ್ಪಂದಗಳು. ಪ್ರತಿಯೊಂದರಲ್ಲೂ ಒಬ್ಬ ಕೊಂಡವ, ಒಬ್ಬ ಮಾರಿದವ. ಮಾರಿದವನೇ ಜಾಣ ಅಂತ ಯಾರು ಹೇಳಿದ್ದು?

ಟೇಕಲ್: ನಾನು ಹೇಳುತ್ತೇನೆ. 2 ವರ್ಷದಿಂದ ಆಪ್ಷನ್ ಮಾರುತ್ತಿದ್ದೇನೆ, ತಿಂಗಳು ತಿಂಗಳೂ ಬಾಡಿಗೆ ಬಂದ ಹಾಗೆ ಬರುತ್ತದೆ.

ಮಾಲೂರು: ರಾತ್ರಿ ಸುದ್ದಿ ಬಂದು ಬೆಳಿಗ್ಗೆ ಷೇರು ಶೇ. 12 ಕೆಳಗೆ ತೆರೆದರೆ ಬಾಡಿಗೆ ಯಾರು ಕೊಡುತ್ತಾರೆ ಅಣ್ಣಾ?

ಟೇಕಲ್: ಸ್ಟಾಪ್‌ಲಾಸ್ ಇದೆ, ನಷ್ಟ ಇಂತಿಷ್ಟು ದಾಟಿದರೆ ತಾನೇ ಹೊರಬರುವ ಆರ್ಡರ್.

ಮಾಲೂರು: ಅದು ನಿದ್ದೆ ಮಾಡುವಾಗಲೂ ಕೆಲಸ ಮಾಡುತ್ತಾ?

ಟೇಕಲ್: ಮಾರ್ಜಿನ್‌ಗೆ ದುಡ್ಡಿಲ್ಲದವರಿಗೆ ಹೊಟ್ಟೆಯುರಿ ಸಹಜ.

ಮಾಲೂರು: ಹೋದ ದೀಪಾವಳಿಗೆ ಕೈಸಾಲ ಕೇಳಿದ್ದು ಯಾರು, ಇಲ್ಲೇ ಹೇಳಲಾ?

ಅಡ್ಮಿನ್: ಇಬ್ಬರೂ ಪರ್ಸನಲ್‌ನಲ್ಲಿ ಆಡಿಕೊಳ್ಳಿ, ದಯವಿಟ್ಟು.



ಬಂಗಾರಪೇಟೆ: ಕಂಪನಿ ರಿಸಲ್ಟ್ ಚೆನ್ನಾಗಿ ಬಂತು, ಷೇರು ಶೇ. 2 ಏರಿತು, ನನ್ನ ಕಾಲ್ ಇಳಿಯಿತು. ಇದು ಮೋಸ ಅಲ್ವಾ ಮೇಡಂ?

ಮೇಡಂ: ಅಂತೂ ಒಂದು ಒಳ್ಳೇ ಪ್ರಶ್ನೆ. ಮೋಸ ಅಲ್ಲ. ರಿಸಲ್ಟ್‌ಗೆ ಮುಂಚೆ ಐವಿ ಉಬ್ಬಿರುತ್ತದೆ, ಬಂದ ಮರುಕ್ಷಣ ಇಳಿಯುತ್ತದೆ. ಕ್ಯಾಲ್ಕುಲೇಟರ್‌ನಲ್ಲೇ ಹಾಕಿ ನೋಡಿ: ಷೇರು 1000, ಸ್ಟ್ರೈಕ್ 1000, 10 ದಿನ, ಐವಿ 60. ಕಾಲ್ ಸುಮಾರು 40. ಈಗ ಷೇರು 1020, 9 ದಿನ, ಐವಿ 30. ಸುಮಾರು 32. ಕೊಳ್ಳುವ ಮುಂಚೆ ಐವಿ ಬದಲಾಯಿಸಿ ನೋಡುವುದಕ್ಕೇ ಆ ಯಂತ್ರ ಇರುವುದು.

ಶ್ರೀನಿವಾಸಪುರ: ಟ್ಯಾಕ್ಸ್ ಹೇಗೆ?

ಮೇಡಂ: ವ್ಯಾಪಾರದ ಆದಾಯ. ಐಟಿಆರ್-3. ಆಡಿಟರ್ ಹತ್ತಿರ ಹೋಗಿ.

ಮುಳಬಾಗಿಲು: ಮೇಡಂ, ನಮ್ಮ ಬಾವ ಟೆಲಿಗ್ರಾಂ ಗುರುಗಳನ್ನು ಕೇಳಿದರಂತೆ. ಅದೇ ತಿಂಗಳ ಫ್ಯೂಚರ್ (ಈಗಲೇ ಬೆಲೆ ಗೊತ್ತುಮಾಡಿ ಆಮೇಲೆ ಷೇರು ಕೊಡುವ ಒಪ್ಪಂದ) ಮಾರಿಬಿಡು, ಡೆಲಿವರಿ ತಪ್ಪುತ್ತದೆ ಅಂದರಂತೆ.

ಮೇಡಂ: 900ರ ಮೇಲೆ ನಿಂತರೆ ಡೆಲಿವರಿ ತಪ್ಪುತ್ತದೆ, ಕಾಲ್‌ಗೂ ಫ್ಯೂಚರ್‌ಗೂ ವಜಾ ಆಗುತ್ತದೆ. ಕೆಳಗೆ ಬಂದರೆ ನಿಮ್ಮ ಕಾಲ್ ಸೊನ್ನೆ, ಫ್ಯೂಚರ್‌ಗೆ ಮಾತ್ರ 700 ಷೇರು ನೀವೇ ಕೊಡಬೇಕು. ನಿಮ್ಮ ಹತ್ತಿರ ಇಲ್ಲದ ಷೇರು. ಅದು ಹರಾಜಿಗೆ ಹೋಗುತ್ತದೆ, ಬಿಲ್ ನಿಮಗೆ ಬರುತ್ತದೆ. ಆ ಗುರುವಿನ ಸೆಬಿ ನಂಬರ್ ಕೇಳಿ. ರಿಸರ್ಚ್ ಅನಲಿಸ್ಟ್ ಆದರೆ ಐಎನ್‌ಎಚ್ ಅಂತ ಶುರುವಾಗಬೇಕು. ಇಷ್ಟು ಬರೆದ ಮೇಲೂ ಬಾವನನ್ನೇ ಕೇಳುವುದಾದರೆ ನಾನು ಇಲ್ಲಿ ಯಾಕಿರಬೇಕು?

ಬಂಗಾರಪೇಟೆ: ಮೇಡಂ, ನಾಳೆಗೆ ಪುಟ್ ಆದರೂ ಹೇಳಿ.

ಅಡ್ಮಿನ್: ಇವತ್ತಿಗೆ ಸಾಕು.

ಮುಳಬಾಗಿಲು (ಶುಕ್ರವಾರ, 11:32): 37.40ಕ್ಕೆ ಹೋಯಿತು ಮೇಡಂ. ಷೇರು ಈಗ 951.

ಟೇಕಲ್: ನೋಡಿದ್ರಾ, ಕಾದಿದ್ದರೆ ಇನ್ನೂ ಬರುತ್ತಿತ್ತು.

ಮಾಲೂರು: ಶುರುವಾಯಿತು.

ಮೇಡಂ: ಮುಳಬಾಗಿಲು, ಆ್ಯಪ್‌ನಲ್ಲಿ ಪೊಸಿಷನ್ ಸೊನ್ನೆ ಆಗಿದೆಯಾ ನೋಡಿ.

ಮುಳಬಾಗಿಲು: ಸೊನ್ನೆ ಮೇಡಂ.