ಗಂಡ ಅನ್ನೋ ಕಾಲಮ್ಮಿನಾಗ ಯಾರ ಹೆಸರು ಬರೀಬೇಕು?

ಐತವಾರ ಮುಂಜಾನಿ ಗಂಗಾವತಿ ಬಸ್ ಸ್ಟ್ಯಾಂಡ್ ಹಿಂದಿನ ಒಗ್ಗಾಣಿ ಅಂಗಡ್ಯಾಗ ನಾವು ನಾಲ್ಕು ಮಂದಿ ಕುಂತ್ರ ಹತ್ತು ಗಂಟಿ ತನಕ ಏಳಂಗಿಲ್ಲ. ನಾನು, ಭತ್ತದ ದಲಾಲಿ ಹುಸೇನಿ, ಬಾಂಡ್ ರೈಟರ್ ಪಂಪಣ್ಣ ಮಾವ (ಯಾರಿಗೂ ಮಾವ ಅಲ್ಲ, ಊರಿಗೇ ಮಾವ), ಆಮ್ಯಾಲೆ ಶರಣು. ಶರಣು ಆರು ವರ್ಷದಿಂದ ಕೆಎಎಸ್ ಓದಾಕತ್ತಾನ, ನೌಕ್ರಿ ಬಂದಿಲ್ಲ, ಇಸವಿ ಮಾತ್ರ ಪಟಪಟ ಬರ್ತಾವು.

ಹುಸೇನಿ ಮೊಬೈಲ್ ತೋರಿಸ್ದ. ಥಾಯ್ಲೆಂಡಿನಾಗ ಇಬ್ರು ಗಂಡಸ್ರು ಮದುವಿ ಆಗಿ ಸರ್ಟಿಫಿಕೇಟ್ ಹಿಡ್ಕೊಂಡು ನಿಂತಾರ.

"2025, ಜನವರಿ 23ರಿಂದ ಅಲ್ಲಿ ಕಾನೂನು" ಅಂದ ಶರಣು ಮಿರ್ಚಿ ಕಚ್ಚಿಕೋತ, "ತೈವಾನ್ 2019, ಎಲ್ಲಾರಕಿಂತ ಮೊದ್ಲು ನೆದರ್ಲೆಂಡ್ಸ್, 2001."

"ಅವ್ರೆಲ್ಲಾ ಮಾಡ್ಯಾರಂದ್ರ ನಮ್ಮ ಸರ್ಕಾರಕ್ಕೇನಪ ಹೊಟ್ಟಿ ಬ್ಯಾನಿ?"

ಪಂಪಣ್ಣ ಮಾವ ಕನ್ನಡಕ ಏರಿಸ್ಕೊಂಡ, ಅಂದ್ರ ಅರ್ಧ ತಾಸು ಹೋತು ಅಂತನೇ ಲೆಕ್ಕ. "ಹೊಟ್ಟಿ ಬ್ಯಾನಿ ಅಲ್ಲಲೇ, ಫಾರ್ಮಿನ ಬ್ಯಾನಿ ಅದು. ಸ್ಪೆಷಲ್ ಮ್ಯಾರೇಜ್ ಆಕ್ಟಿನಾಗ ಗಂಡಿಗೆ 21, ಹೆಣ್ಣಿಗೆ 18 ಅಂತ ಬರದೈತಿ. ಇಬ್ರೂ ಗಂಡಸ್ರೇ ಬಂದ್ರ 21 ಹಿಡಿ ಅನ್ನೋಣ, ಇಬ್ರೂ ಹೆಣ್ಮಕ್ಕಳಾದ್ರ 18 ಸಾಕೇನು? ಜೀವನಾಂಶ ಯಾರು ಯಾರಿಗೆ ಕೊಡ್ಬೇಕು? ಗಂಡ ಅನ್ನೋ ಕಾಲಮ್ಮಿನಾಗ ಯಾರ ಹೆಸರು ಬರೀಲಿ ನಾನು?"

"2023ರಾಗ ಈ ಮದುವಿ ಕೇಸು ಸುಪ್ರೀಂ ಕೋರ್ಟಿಗೆ ಬಂದಾಗ ಸರ್ಕಾರದ ವಕೀಲ್ರೂ ಇದನ್ನೇ ಅಂದ್ರು ಮಾವ, ಸುಮಾರು 160 ಕಲಂಗೆ ಧಕ್ಕಿ ಆಗ್ತತಿ ಅಂತ" ಅಂದ ಶರಣು. ಅಂದು ತಾನೇ ಸಿಟ್ಟಿಗೆದ್ದ. "ಅಲ್ರೀ, 511 ಕಲಮಿನ ಐಪಿಸಿ ತಗದು 358 ಕಲಮಿನ ನ್ಯಾಯ ಸಂಹಿತೆ ತಂದಾರ ಇವ್ರು, ಕೊಲೆ 302 ಅಂತ ಬಾಯಿಪಾಠ ಮಾಡಿದ್ದೆ ಈಗ 103 ಆಗೇತಿ, ನಾನು ಮತ್ತ ಮೊದಲಿಂದ ಓದಾಕತ್ತೀನಿ, ಅಷ್ಟು ತಿದ್ದಿದವ್ರಿಗೆ 160 ಏನು ಮಹಾ?"

ಹುಸೇನಿ ದನಿಗೂಡಿಸ್ದ. "ನೋಟು ಬಂದ್ ಮಾಡಾಕ ಒಂದು ರಾತ್ರಿ ಸಾಕಾಗಿತ್ತಲ್ಲೋ."

ಮಾವ ಸುಮ್ನಾದ. ನಾನು ಹೇಳ್ದೆ, ಕಾಲಮ್ಮು ಬರೀ ನೆಪ, ಓಟಿಂದು ಐತಿ ಒಳಗ. 2023ರಾಗ ಕೇಂದ್ರ ಎಲ್ಲಾ ರಾಜ್ಯಕ್ಕೂ ಅಭಿಪ್ರಾಯ ಕೇಳಿತ್ತು, ಏಳು ರಾಜ್ಯ ಉತ್ತರ ಕೊಟ್ವು, ಅದ್ರಾಗ ನಾಲ್ಕು "ಟೈಮ್ ಬೇಕು" ಅಂದ್ವು (ನಮ್ಮ ಕಡಿ ಸಾಲ ತಗೊಂಡವ್ರ ಉತ್ತರ), ಬ್ಯಾಡ ಅಂದಿದ್ದು ರಾಜಸ್ಥಾನ, ಆಂಧ್ರ, ಅಸ್ಸಾಂ. ಆಗ ರಾಜಸ್ಥಾನದಾಗ ಕಾಂಗ್ರೆಸ್, ಆಂಧ್ರದಾಗ ಜಗನ್, ಅಸ್ಸಾಮಿನಾಗ ಬಿಜೆಪಿ. ಒಬ್ಬರ ಮುಖ ಒಬ್ಬರು ನೋಡದ ಪಾರ್ಟಿಗಳು ಈ ಒಂದಕ್ಕ ಮಾತ್ರ ಒಂದೇ ಪಂಕ್ತ್ಯಾಗ ಕುಂತು ಉಂಡ್ವು.

"ಬ್ಯಾರೆ ದೇಶದಾಗ?"

"ರಷ್ಯಾ 2020ರಾಗ ಮದುವಿ ಅಂದ್ರ ಗಂಡು ಹೆಣ್ಣಿಂದೇ ಅಂತ ಸಂವಿಧಾನಕ್ಕೇ ಸೇರಿಸ್ತು, ಉಗಾಂಡದಾಗ ಮದುವಿ ದೂರ, ಸಂಬಂಧಕ್ಕೇ ಜೀವಾವಧಿ. ಇದು ವಿದೇಶಿ ರೋಗ ಅಂತ ಲೀಡರ್‌ಗಳು ಹೇಳೋದು, ಸಾಮಾನಿನ ರೇಟ್ ಏರಿದ್ದು ಮಂದಿ ಮರೀತಾರ. ಐರ್ಲೆಂಡ್ ಮಾತ್ರ 2015ರಾಗ ಜನರ ಕಡಿಂದನೇ ಓಟ್ ಹಾಕಿಸ್ತು, 62 ಪರ್ಸೆಂಟ್ ಹೂಂ ಅಂದ್ರು."

"ಶ್ಯಾಣ್ಯಾರು" ಅಂದ ಮಾವ. "ಯಾವ ಮಂತ್ರಿ ಮ್ಯಾಲೂ ಬರಂಗಿಲ್ಲ ನೋಡು."

ನಮ್ಮ ಕೇಂದ್ರ ಇದನ್ನ ಸಿಟಿ ಶ್ರೀಮಂತರ ವಿಚಾರ ಅಂತ ಕೋರ್ಟಿಗೆ ಬರಕೊಟ್ಟಿತ್ತು ಅಂದ ಕೂಡ್ಲೆ ಹುಸೇನಿಗೆ ನಗಿ ತಡಿಯಾಕ ಆಗ್ಲಿಲ್ಲ. "ಹುಲಗಿ ಹುಲಿಗೆಮ್ಮನ ಗುಡಿಗೆ ಹುಣ್ಣಿಮಿಗೆ ಬರ್ರಿ ಅನ್ನು ಅವ್ರಿಗೆ. ಗಂಡಾಗಿ ಹುಟ್ಟಿ, ಸೀರಿ ಉಟ್ಟು, ದೇವಿ ಸೇವಾಕ್ಕ ಚೌಡಿಕಿ ಹಿಡ್ಕೊಂಡು ಕುಂತ ಜೋಗಪ್ಪಗಳು ಯಾವ ಸಿಟಿ, ಯಾವ ಶ್ರೀಮಂತ್ರು? ನಮ್ಮ ಬಳ್ಳಾರಿ ಸೀಮಿ ಮಂಜಮ್ಮ ಜೋಗತಿಗೆ ಪದ್ಮಶ್ರೀ ಕೊಟ್ಟಿದ್ದೂ ಇದೇ ಸರ್ಕಾರ."

"ಎರಡೂ ಕಲಸಬ್ಯಾಡ" ಅಂದ ಶರಣು. "ತೃತೀಯ ಲಿಂಗಿಗಳು ಬ್ಯಾರೆ, ಗಂಡು ಗಂಡನ್ನೇ ಇಷ್ಟಪಡೋದು ಬ್ಯಾರೆ. ಟ್ರಾನ್ಸ್ ಹೆಣ್ಮಗಳು ಗಂಡಸನ್ನ ಮದುವಿ ಆಗಬೌದು, ಈಗಿರೋ ಕಾನೂನೇ ಸಾಕು ಅಂದೈತಿ ಸುಪ್ರೀಂ ಕೋರ್ಟು. ಉಳಿದವ್ರಿಗೆ ಮದುವಿ ಮೂಲಭೂತ ಹಕ್ಕಲ್ಲ ಅಂತ ಐದೂ ಜಡ್ಜು ಹೇಳಿದ್ರು, 2023 ಅಕ್ಟೋಬರ್ 17. ಮದುವಿ ಅನ್ನದೆ ಬ್ಯಾರೆ ಏನರ ಮಾನ್ಯತಾ ಕೊಡೋಣಂತ ಇಬ್ರು, ಬ್ಯಾಡಂತ ಮೂವರು. ಕಾನೂನು ಮಾಡೋದು ಪಾರ್ಲಿಮೆಂಟಿನ ಕೆಲ್ಸ ಅಂತ ಬಿಟ್ರು."

"ಸರ್ಕಾರ ಏನಂದಿತ್ತು?"

"ಪಾರ್ಲಿಮೆಂಟಿನ ಕೆಲ್ಸ ಅಂತ."

"ಪಾರ್ಲಿಮೆಂಟು?"

"ಅದು ಉಸಿರು ಬಿಟ್ಟಿಲ್ಲ."

"ಪಹಣಿ ತಿದ್ದುಪಡಿ ಇದ್ದಂಗ ಆತು ಬಿಡು" ಅಂದ ಹುಸೇನಿ. ಮದುವಿ ಇಲ್ಲ ಅಂದ ಸರ್ಕಾರದವ್ರೇ 2024ರಾಗ ಇಂಥ ಜೋಡಿಗಳಿಗೆ ಜೋಡಿ ಬ್ಯಾಂಕ್ ಅಕೌಂಟ್ ತೆಗೀರಿ, ಒಂದೇ ರೇಷನ್ ಕಾರ್ಡಿನಾಗ ಇರ್ರಿ ಅಂದ್ರಂತ. ಒಲಿ ಒಂದೇ ಇರ್ಲಿ, ಹಾರ ಮಾತ್ರ ಬ್ಯಾಡ.

ಇಲ್ಲಿ ಹುಸೇನಿ ಒಂದು ತಪ್ಪು ಮಾಡ್ದ. "ಕಾನೂನು ಬಂದ್ರ ಶರಣೂಗೂ ಒಂದು ದಾರಿ ಆಕ್ಕಿತ್ತಲ್ಲೋ, 33 ಆತು, ಕನ್ಯಾ ಸಿಗವಲ್ದು."

"ಹೆಣ್ಣು ಸಿಗಲಿಲ್ಲ ಅಂತ ಮಾಡ್ಕೊಳ್ಳೋ ಅಡ್ಜಸ್ಟ್‌ಮೆಂಟ್ ಅಲ್ಲಲೇ ಅದು! ಹಂಗಾಗಿದ್ರ ನಮ್ಮ ತಾಲೂಕಿನ ಅರ್ಧ ರೈತ್ರು ಇಷ್ಟೊತ್ತಿಗೆ ಸುಪ್ರೀಂ ಕೋರ್ಟಿನ ಮುಂದ ನಿಂದ್ರತಿದ್ರು."

ಮಾವ ಟೇಬಲ್ ಕುಟ್ಟಿದ. "ಏನರ ಅನ್ರಪಾ, ಮದುವಿ ಅಂದ್ರ ಒಂದು ಪದ್ಧತಿ ಐತಿ, ದೇಶಕ್ಕೆಲ್ಲಾ ಒಂದೇ ಪದ್ಧತಿ."

"ಮಾವ, ಅತ್ತಿ ನಿನಗೇನಾಗಬೇಕಿತ್ತು ಮದುವಿಗೆ ಮುಂಚೆ?" ಅಂತ ಕೇಳ್ದ ಶರಣು.

"ನಮ್ಮ ಅಕ್ಕನ ಮಗಳು. ಯಾಕ?"

"ಹಿಂದೂ ಮ್ಯಾರೇಜ್ ಆಕ್ಟ್ 1955, ಸೋದರಮಾವ ಸೊಸಿ ಮದುವಿ ನಿಷಿದ್ಧ ಪಟ್ಟ್ಯಾಗ ಐತಿ. ನಮ್ಮ ಕಡಿ ರೂಢಿ ಐತಂತ ಬಿಟ್ಟಾರ. ಉತ್ತರದ ಕಡಿ ಹೋಗಿ ಹೇಳು ನೋಡೋಣ, ಹೌಹಾರತಾರ."

ಮಾವ ಒಗ್ಗಾಣಿ ಕಡಿ ನೋಡಾಕತ್ತಿದ. ಹುಸೇನಿ ಮೆಲ್ಲಕ ಕೇಳ್ದ, "ಹೋಗ್ಲಿ, ರಿಜಿಸ್ಟರ್ ಅರ ಆಗೇತೇನ್ ಮಾವ ನಿಂದು?"

ಮೂವತ್ತು ವರ್ಷದಿಂದ ಊರ ಮಂದಿದೆಲ್ಲಾ ಅರ್ಜಿ ಬರದ ಮನಷ್ಯಾ ಒಂದು ನಿಮಿಷ ಏನೂ ಅನ್ಲಿಲ್ಲ.

"ಫಾರ್ಮ್ ತಂದಿಟ್ಟೀನಿ" ಅಂದ ಕಡೀಕ. "ತುಂಬಿಲ್ಲ. ಲೇ ತಮ್ಮಾ, ಇಲ್ಲೊಂದು ಪ್ಲೇಟ್ ಮಿರ್ಚಿ ತಾ, ಹುಸೇನಿ ಲೆಕ್ಕಕ್ಕ."