ಅಡ್ಮಿನ್ ಪಾಸ್‌ವರ್ಡ್ ಅಂಗಡಿಯವರ ಹತ್ತಿರ, ಅಪ್ಪನ ಹಳೆ ಡಿಸ್ಕ್ ತೆರೆಯುತ್ತಿಲ್ಲ

ಫಿಲ್ಟರ್ ಕಾಫಿ, ಶ್ರೀನಗರ

ಎಲ್ಲರಿಗೂ ನಮಸ್ಕಾರ. ಅಪ್ಪನ ಡೆಸ್ಕ್‌ಟಾಪ್‌ನ ಮದರ್‌ಬೋರ್ಡ್ ಹೋಯಿತು. ವಿಂಡೋಸ್ 7 ಕಾಲದ್ದು, ರಿಪೇರಿಗೆ ದುಡ್ಡು ಸುರಿಯೋದು ದಂಡ ಅಂತ ಎಸ್‌.ಪಿ. ರೋಡಿನಲ್ಲಿ ಒಂದು ರಿಫರ್ಬಿಶ್ಡ್ ಲ್ಯಾಪ್‌ಟಾಪ್ ತಗೊಂಡೆವು. ವಿಂಡೋಸ್ 11 ಹಾಕಿಯೇ ಕೊಟ್ಟರು. ಹಳೆ ಹಾರ್ಡ್‌ಡಿಸ್ಕ್ ಬಿಚ್ಚಿಸಿ, ಯುಎಸ್‌ಬಿ ಕೇಸ್‌ಗೆ ಹಾಕಿಸಿಕೊಂಡು ಬಂದೆ.

ಡಿಸ್ಕ್ ಇ ಡ್ರೈವ್ ಅಂತ ಕಾಣಿಸುತ್ತದೆ. ಯೂಸರ್ಸ್ ಒಳಗೆ ಅಪ್ಪನ ಹೆಸರಿನ ಫೋಲ್ಡರೂ ಇದೆ. ಕ್ಲಿಕ್ ಮಾಡಿದರೆ ‘ನಿಮಗೆ ಇದನ್ನು ನೋಡಲು ಪರ್ಮಿಶನ್ ಇಲ್ಲ’ ಅನ್ನುತ್ತದೆ, ಕೆಳಗೆ ಕಂಟಿನ್ಯೂ ಬಟನ್. ಒತ್ತಿದರೆ ಸ್ಕ್ರೀನ್ ಮಬ್ಬಾಗಿ ‘ಅಡ್ಮಿನ್’ ಅನ್ನೋ ಅಕೌಂಟಿನ ಪಾಸ್‌ವರ್ಡ್ ಕೇಳುತ್ತದೆ. ಆ ಅಕೌಂಟ್ ನಾನು ಮಾಡಿದ್ದಲ್ಲ! ಪ್ರಿಂಟರ್ ಡ್ರೈವರ್ ಹಾಕೋಕೆ ಹೋದರೂ ಇದೇ ಪಾಸ್‌ವರ್ಡ್ ಬೇಕಂತೆ. ಸೆಟ್ಟಿಂಗ್ಸ್‌ನಲ್ಲಿ ನನ್ನ ಹೆಸರಿನ ಕೆಳಗೆ ಬರೀ ‘ಲೋಕಲ್ ಅಕೌಂಟ್’ ಅಂತಿದೆ.

ಆ ಫೋಲ್ಡರಿನಲ್ಲಿ ಸೇಲ್ ಡೀಡ್ ಸ್ಕ್ಯಾನ್, ಹಳೆ ತೆರಿಗೆ ರಸೀದಿ, ಅಣ್ಣನ ಮದುವೆ ಫೋಟೋ ಎಲ್ಲಾ ಇವೆ. ಇ-ಖಾತಾಗೆ ಬೇಕು ಅಂತ ಅಪ್ಪ ದಿನಾ ಬೆಳಗ್ಗೆ ಪೇಪರ್ ಮಡಿಚಿಟ್ಟ ಕೂಡಲೇ ಕೇಳುತ್ತಾರೆ. ನಮ್ಮ ಲ್ಯಾಪ್‌ಟಾಪ್, ನಮ್ಮ ಡಿಸ್ಕ್, ನಮಗೇ ಪರ್ಮಿಶನ್ ಇಲ್ಲ ಅಂದರೆ ಯಾರನ್ನು ಕೇಳಬೇಕು?

ರಾಕೆಟ್ ರಾಜ

ಯುಎಸಿ, ಅಂದರೆ ಹೀಗೆ ಮಬ್ಬು ಸ್ಕ್ರೀನ್ ತೋರಿಸಿ ಒಪ್ಪಿಗೆ ಕೇಳುವ ವ್ಯವಸ್ಥೆ, ಅದರ ಸ್ಲೈಡರ್ ಪೂರ್ತಿ ಕೆಳಗೆ ಎಳೆದು ಆಫ್ ಮಾಡಿಬಿಡಿ. ಏನೂ ಕೇಳಲ್ಲ. ನಾನು ಎಲ್ಲಾ ಮೆಷಿನ್‌ಗೂ ಹೀಗೇ ಮಾಡೋದು.

ಸರ್ವಿಸ್ ಮಂಜಣ್ಣ

ರಾಜ, ಆ ಸ್ಲೈಡರ್ ಎಳೆಯೋಕೂ ಅಡ್ಮಿನ್ ಪಾಸ್‌ವರ್ಡೇ ಬೇಕು ಗುರು. ಎಳೆದರೂ ಮೇಡಂಗೆ ಉಪಯೋಗ ಇಲ್ಲ. ಅವರದು ಸ್ಟ್ಯಾಂಡರ್ಡ್ ಅಕೌಂಟ್, ಅಂದರೆ ಅಡ್ಮಿನ್ ಹಕ್ಕಿಲ್ಲದ ಸಾಮಾನ್ಯ ಅಕೌಂಟ್. ಸ್ಲೈಡರ್ ಎಳೆದ ಮಾತ್ರಕ್ಕೆ ಆ ಹಕ್ಕು ಬರೋದಿಲ್ಲ.

ಮೇಡಂ, ನಾನು ಹನುಮಂತನಗರ, ಗಿರಿನಗರ ಕಡೆ ಮನೆಮನೆಗೆ ಹೋಗಿ ಸರ್ವಿಸ್ ಮಾಡುವವನು. ನಿಮ್ಮ ಮನೆಯ ಕಥೆ ವಾರಕ್ಕೊಮ್ಮೆಯಾದರೂ ಎದುರಾಗುತ್ತದೆ. ಇಲ್ಲಿರೋದು ಒಂದು ತೊಂದರೆ ಅಲ್ಲ, ಎರಡು. ಒಂದು ಲ್ಯಾಪ್‌ಟಾಪಿನದು, ಒಂದು ಡಿಸ್ಕಿನದು. ಎರಡನ್ನೂ ಕಲಸಿಕೊಂಡರೆ ತಲೆ ಕೆಡುತ್ತದೆ.

ಮೊದಲು ಲ್ಯಾಪ್‌ಟಾಪ್. ಅಂಗಡಿಯವರು ತಮಗೊಂದು ಅಡ್ಮಿನ್ ಅಕೌಂಟ್ ಮಾಡಿಕೊಂಡು ನಿಮಗೆ ಸ್ಟ್ಯಾಂಡರ್ಡ್ ಕೊಟ್ಟಿದ್ದಾರೆ. ಸ್ಟ್ಯಾಂಡರ್ಡ್ ಕೊಟ್ಟದ್ದು ತಪ್ಪೇನಲ್ಲ, ದಿನದ ಬಳಕೆಗೆ ಅದೇ ಒಳ್ಳೆಯದು. ಪಾಸ್‌ವರ್ಡ್ ಕೈಗೆ ಕೊಡದೆ ಕಳಿಸಿದ್ದು ಮಾತ್ರ ಸರಿಯಲ್ಲ. ಬಿಲ್ ಮೇಲಿನ ನಂಬರಿಗೆ ಫೋನ್ ಮಾಡಿ ಕೇಳಿ. ಎಷ್ಟೋ ಸಲ ಅಂಗಡಿಯ ಹೆಸರೇ ಪಾಸ್‌ವರ್ಡ್ ಆಗಿರುತ್ತದೆ. ಸಿಕ್ಕಿದ ಮೇಲೆ ಆ ಅಕೌಂಟಿಗೆ ಲಾಗಿನ್ ಆಗಿ. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್, ಅದರಲ್ಲಿ ಅದರ್ ಯೂಸರ್ಸ್, ನಿಮ್ಮ ಹೆಸರು ಒತ್ತಿ ‘ಚೇಂಜ್ ಅಕೌಂಟ್ ಟೈಪ್’. ಅಡ್ಮಿನಿಸ್ಟ್ರೇಟರ್ ಮಾಡಿ. ಹಾಗೇ ಅಂಗಡಿಯವರ ಅಕೌಂಟಿನ ಪಾಸ್‌ವರ್ಡ್ ಬದಲಾಯಿಸಿ, ಡೈರಿಯಲ್ಲಿ ಬರೆದಿಡಿ. ಅಪ್ಪನಿಗೆ ಬೇರೆ ಸ್ಟ್ಯಾಂಡರ್ಡ್ ಅಕೌಂಟ್ ಸಾಕು. ಸಿಕ್ಕ ಸಿಕ್ಕ ಲಿಂಕ್ ಒತ್ತುವ ವಯಸ್ಸು ಅದು. ಬೇಜಾರು ಮಾಡಿಕೋಬೇಡಿ, ನಮ್ಮಪ್ಪನೂ ಹಾಗೇ.

ಕೊಡಲ್ಲ ಅಂದರೆ ವಿಂಡೋಸ್ ಹೊಸದಾಗಿ ಹಾಕಿಸಿ, ಅವರ ಖರ್ಚಿನಲ್ಲೇ. ಲ್ಯಾಪ್‌ಟಾಪಿನಲ್ಲಿ ನಿಮ್ಮದು ಇನ್ನೂ ಏನೂ ಇಲ್ಲ ಅಲ್ವಾ, ನಷ್ಟ ಇಲ್ಲ. ಪಾಸ್‌ವರ್ಡ್ ಒಡೆಯುವ ಪೆನ್‌ಡ್ರೈವ್ ಇದೆ ಅಂತ ಯಾರಾದರೂ ಬಂದರೆ ಬೇಡ ಅನ್ನಿ. ಅದರಲ್ಲಿ ಇನ್ನೇನೇನು ಇರುತ್ತದೋ.

ಅಡ್ಮಿನ್ ಆದ ಮೇಲೂ ಆ ಮಬ್ಬು ಸ್ಕ್ರೀನ್ ಬರುತ್ತದೆ. ಪಾಸ್‌ವರ್ಡ್ ಬದಲು ಎಸ್, ನೋ ಇರುತ್ತದೆ ಅಷ್ಟೇ. 2007ರಲ್ಲಿ ವಿಸ್ಟಾ ಮನೆಗಳಿಗೆ ಬಂದಾಗಿನಿಂದ ಹೀಗೆ. ನೀವು ಅಡ್ಮಿನ್ ಆಗಿದ್ದರೂ ಪ್ರೋಗ್ರಾಂಗಳು ಸಾಮಾನ್ಯ ಯೂಸರ್ ಹಕ್ಕಿನಲ್ಲೇ ಓಡುತ್ತವೆ, ಬೇಕಾದಾಗ ಕೇಳಿ ಪಡೆಯುತ್ತವೆ. ಯಾವುದೋ ವೈರಸ್ ನಿಮ್ಮ ಹೆಸರಿನಲ್ಲಿ ಸುಮ್ನೆ ನುಗ್ಗಬಾರದು ಅಂತ.

ಈಗ ಡಿಸ್ಕ್. ವಿಂಡೋಸ್ ಜನರನ್ನು ಹೆಸರಿನಿಂದ ಗುರುತಿಸೋದಿಲ್ಲ. ಪ್ರತಿ ಅಕೌಂಟಿಗೂ ‘ಎಸ್-1-5-21’ ಅಂತ ಶುರುವಾಗುವ ಒಂದು ಉದ್ದನೆಯ ನಂಬರ್ ಇರುತ್ತದೆ. ಹಳೆ ಡಿಸ್ಕಿನ ಫೈಲ್‌ಗಳ ಮೇಲೆ ಇರೋದು ಅಪ್ಪನ ಹಳೆ ನಂಬರ್. ಹೊಸ ಲ್ಯಾಪ್‌ಟಾಪಿಗೆ ಅದು ಯಾರೆಂದೇ ಗೊತ್ತಿಲ್ಲ. ಅಪ್ಪನ ಹೆಸರಲ್ಲೇ ಅಕೌಂಟ್ ಮಾಡಿ, ಹಳೆ ಪಾಸ್‌ವರ್ಡೇ ಕೊಟ್ಟರೂ ನಂಬರ್ ಬೇರೆಯೇ. ಅದಕ್ಕೇ ಬಾಗಿಲು ತೆಗೆಯಲ್ಲ.

ಅಡ್ಮಿನ್ ಆದ ಮೇಲೆ ಅಪ್ಪನ ಫೋಲ್ಡರ್ ಮೇಲೆ ಮತ್ತೆ ಕಂಟಿನ್ಯೂ ಒತ್ತಿ. ವಿಳಾಸದ ಪಟ್ಟಿಯಲ್ಲಿ ಹಸಿರು ಗೆರೆ ತೆವಳುತ್ತಾ ಹೋಗುತ್ತದೆ, ಫೋಟೋ ಜಾಸ್ತಿ ಇದ್ದರೆ ತುಂಬಾ ಹೊತ್ತು. ಮಧ್ಯೆ ಕೇಬಲ್ ಕೀಳಬೇಡಿ. ಇದು ಹಳೆ ಅನುಮತಿಯನ್ನು ಅಳಿಸೋದಿಲ್ಲ, ನಿಮ್ಮದನ್ನು ಸೇರಿಸುತ್ತದೆ ಅಷ್ಟೇ. ಅದಕ್ಕೂ ಬಗ್ಗದಿದ್ದರೆ ಮಾತ್ರ ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್ಡ್‌ಗೆ ಹೋಗಿ ಓನರ್ ಪಕ್ಕದ ‘ಚೇಂಜ್’ ಒತ್ತಿ ನಿಮ್ಮ ಹೆಸರು ಹಾಕೋದು. ಅದನ್ನೂ ಆ ಫೋಲ್ಡರಿಗೆ ಮಾತ್ರ ಮಾಡಿ, ಇಡೀ ಇ ಡ್ರೈವಿಗೆ ಬೇಡ. ಆ ಡಿಸ್ಕಿನಿಂದ ಮತ್ತೆ ಕಂಪ್ಯೂಟರ್ ಬೂಟ್ ಮಾಡುವ, ಅಂದರೆ ಶುರು ಮಾಡುವ ಸಂದರ್ಭ ಬರಬಹುದು.

ಇನ್ನೊಂದು. ಹಿಡನ್ ಫೈಲ್‌ಗಳನ್ನೂ ಸಿಸ್ಟಂ ಫೈಲ್‌ಗಳನ್ನೂ ತೋರಿಸು ಅಂತ ಇಟ್ಟುಕೊಂಡಿದ್ದರೆ ‘ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್’ ಅಂತ ಬಾಣದ ಗುರುತಿನ ಒಂದು ಫೋಲ್ಡರ್ ಕಾಣುತ್ತದೆ. ಅದು ಯಾರಿಗೂ ತೆರೆಯೋದಿಲ್ಲ. ಹಳೆ ಪ್ರೋಗ್ರಾಂಗಳನ್ನು ಯೂಸರ್ಸ್ ಕಡೆಗೆ ದಾಟಿಸುವ ಕೈಮರ ಅದು, ಒಳಗೆ ಬೇರೆ ಏನೂ ಇಲ್ಲ. ಅದರ ಜೊತೆ ಗುದ್ದಾಡಿ ಭಾನುವಾರ ಹಾಳು ಮಾಡಿಕೊಂಡವರನ್ನು ನೋಡಿದ್ದೇನೆ.

ಪೆಂಗ್ವಿನ್ ಪಾಟೀಲ

ಮಂಜಣ್ಣ ಹೇಳಿದ್ದು ಸರಿ. ಫೈಲ್ ತುರ್ತಾಗಿ ಬೇಕಿದ್ದರೆ ಇನ್ನೊಂದು ದಾರಿಯೂ ಇದೆ. ಪೆನ್‌ಡ್ರೈವ್‌ಗೆ ಉಬುಂಟು (ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಹಾಕಿ ಅದರಿಂದ ಬೂಟ್ ಮಾಡಿ. ‘ಟ್ರೈ ಉಬುಂಟು’ ಒತ್ತಿ, ಇನ್‌ಸ್ಟಾಲ್ ಮಾತ್ರ ಒತ್ತಬೇಡಿ. ಡಿಸ್ಕ್ ಚುಚ್ಚಿದರೆ ಅಪ್ಪನ ಫೋಲ್ಡರ್ ಯಾವ ತಕರಾರೂ ಇಲ್ಲದೆ ತೆರೆಯುತ್ತದೆ. ಪರ್ಮಿಶನ್ ವಿಂಡೋಸ್ ಒಳಗಿನ ಕಾನೂನು, ಹೊರಗಿನವರು ಅದನ್ನು ಕೇಳಬೇಕಾಗಿಲ್ಲ. ಬೇರೆ ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಳ್ಳಿ. ಅದರ ಫಾರ್ಮ್ಯಾಟ್ ಎಕ್ಸ್‌ಫ್ಯಾಟ್ ಆಗಿದ್ದರೆ ಇನ್ನೂ ಒಳ್ಳೆಯದು, ಅದರಲ್ಲಿ ಪರ್ಮಿಶನ್ ಅನ್ನೋದೇ ಇಲ್ಲ.

ವೈಟ್‌ಫೀಲ್ಡ್ ಶಟಲ್

ರಿಫರ್ಬಿಶ್ಡ್ ಅಂದಿರಿ ಅಂತ ಒಂದು ಮಾತು. ಬೆಂಗಳೂರಿನಲ್ಲಿ ಇವು ಬಹಳಷ್ಟು ಕಂಪನಿಗಳು ಹೊರಹಾಕಿದ ಮೆಷಿನ್‌ಗಳು. ಅಕೌಂಟ್ಸ್ ಒಳಗೆ ‘ಆಕ್ಸೆಸ್ ವರ್ಕ್ ಆರ್ ಸ್ಕೂಲ್’ ನೋಡಿ, ಖಾಲಿ ಇರಬೇಕು. ಯಾವುದೋ ಸಂಸ್ಥೆಯ ಹೆಸರಿದ್ದರೆ, ಅಥವಾ ವಿಂಡೋಸ್ ಹೊಸದಾಗಿ ಹಾಕುವಾಗ ಕಂಪನಿಯ ಇಮೇಲ್ ಕೇಳಿದರೆ, ಆ ಕಂಪನಿ ಮೆಷಿನ್ನನ್ನು ತನ್ನ ಲಿಸ್ಟಿನಿಂದ ತೆಗೆದಿಲ್ಲ ಅಂತ ಅರ್ಥ. ಆಗ ಎಷ್ಟು ಸಲ ಫಾರ್ಮ್ಯಾಟ್ ಮಾಡಿದರೂ ಅದು ಮತ್ತೆ ಬರುತ್ತದೆ. ವಾಪಸ್ ಕೊಟ್ಟು ಬೇರೆ ತಗೊಳ್ಳಿ, ಜಗಳ ಆದರೂ ಪರವಾಗಿಲ್ಲ.

ಫಿಲ್ಟರ್ ಕಾಫಿ, ಶ್ರೀನಗರ

ಎಲ್ಲರಿಗೂ ಥ್ಯಾಂಕ್ಸ್. ಅಂಗಡಿಯವರು ವಾಟ್ಸಾಪ್‌ನಲ್ಲಿ ಪಾಸ್‌ವರ್ಡ್ ಕಳಿಸಿದರು. ಮಂಜಣ್ಣ ಅಂದಂತೆ ಅಂಗಡಿ ಹೆಸರೇ, ಮುಂದೆ 123. ವರ್ಕ್ ಆರ್ ಸ್ಕೂಲ್ ಖಾಲಿ ಇದೆ. ಪ್ರಿಂಟರ್ ಹಾಕಿಕೊಂಡೆ. ಕಂಟಿನ್ಯೂ ಒತ್ತಿ ಹಸಿರು ಗೆರೆ ನೋಡುತ್ತಾ ಹುಳಿಗೆ ಬೇಳೆ ಬೇಯಿಸಿದೆ. ಮದುವೆ ಫೋಟೋ, ರಸೀದಿ ಎಲ್ಲಾ ಸಿಕ್ಕವು.

ಆದರೆ ‘ಮನೆ ಪತ್ರ’ ಅನ್ನೋ ಫೋಲ್ಡರಿನ ಫೈಲ್‌ಗಳ ಮೇಲೆ ಪುಟ್ಟ ಬೀಗದ ಚಿತ್ರ ಇದೆ. ಹೆಸರು ಕಾಣುತ್ತದೆ, ತೆರೆದರೆ ಆಕ್ಸೆಸ್ ಡಿನೈಡ್. ಓನರ್ ನಾನೇ ಅಂತ ಬದಲಾಯಿಸಿದರೂ ಅಷ್ಟೇ. ಬೇಕಾದ ಸೇಲ್ ಡೀಡ್ ಅದರಲ್ಲೇ ಇರಬೇಕೇ!

ಸರ್ವಿಸ್ ಮಂಜಣ್ಣ

ಅಯ್ಯೋ. ಅದು ಪರ್ಮಿಶನ್ ಅಲ್ಲ ಮೇಡಂ, ಎನ್‌ಕ್ರಿಪ್ಶನ್. ಕೀ ಇಲ್ಲದೆ ಓದಲಾಗದ ಹಾಗೆ ಫೈಲನ್ನೇ ಗುಟ್ಟಿನ ಲಿಪಿಗೆ ತಿರುಗಿಸಿಡೋದು. ವಿಂಡೋಸ್ 7 ಪ್ರೊಫೆಷನಲ್‌ನಲ್ಲಿ ಫೋಲ್ಡರ್ ಪ್ರಾಪರ್ಟೀಸ್‌ನಲ್ಲಿ ಒಂದು ಟಿಕ್ ಹಾಕಿದರೆ ಆಗುತ್ತಿತ್ತು, ಅಪ್ಪ ಹಾಕಿರಬೇಕು. ಓನರ್ ಬದಲಾಯಿಸಿದರೂ ಆಗಲ್ಲ, ಪಾಟೀಲರ ಉಬುಂಟುವೂ ಇಲ್ಲಿ ನಡೆಯಲ್ಲ. ಬೀಗದ ಕೀ ಇರೋದು ಅಪ್ಪನ ಹಳೆ ಅಕೌಂಟಿನೊಳಗೆ. ಅದು ಬಿಚ್ಚೋದು ಅವರ ಹಳೆ ಪಾಸ್‌ವರ್ಡಿನಿಂದ.

ಅವರನ್ನು ಕೇಳಿ, ನೆನಪಿದೆಯಾ ಅಂತ. ಇದ್ದರೆ ದಾರಿ ಇದೆ. ಹೆಚ್ಚು ಕಡಿಮೆ ಅದೇ ಕಾಲದ ಡೆಸ್ಕ್‌ಟಾಪಿಗೆ ಆ ಡಿಸ್ಕನ್ನು ಒಳಗಡೆ ಸಾಟಾ ಕೇಬಲ್‌ನಿಂದ ಜೋಡಿಸಿ, ಅದರ ವಿಂಡೋಸ್ 7ನಲ್ಲೇ ಬೂಟ್ ಮಾಡಿ, ಅಪ್ಪನ ಅಕೌಂಟಿಗೆ ಲಾಗಿನ್ ಆಗಿ. ಫೋಲ್ಡರ್ ಪ್ರಾಪರ್ಟೀಸ್‌ನಲ್ಲಿ ಅಡ್ವಾನ್ಸ್ಡ್ ಒತ್ತಿ ಆ ಟಿಕ್ ತೆಗೆದರೆ ಮುಗಿಯಿತು. ಯಾರಾದರೂ ‘ಪಾಸ್‌ವರ್ಡ್ ರೀಸೆಟ್ ಮಾಡಿಕೊಡ್ತೀನಿ’ ಅಂದರೆ ಕೈ ಮುಟ್ಟಿಸಬೇಡಿ. ಬಲವಂತದ ರೀಸೆಟ್ ಮಾಡಿದರೆ ಲಾಗಿನ್ ಆಗುತ್ತದೆ, ಬೀಗದ ಕೀ ಕೈಬಿಟ್ಟುಹೋಗುತ್ತದೆ.

ಮೊದಲು ಇಡೀ ಡಿಸ್ಕಿನ ಇಮೇಜ್, ಅಂದರೆ ಪೂರ್ತಿ ನಕಲು, ತೆಗೆದಿಡಿ. ಸೇಲ್ ಡೀಡ್ ಒಂದೇ ಸಾಕಾದರೆ ಇಷ್ಟೆಲ್ಲಾ ಬೇಡವೇ ಬೇಡ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸರ್ಟಿಫೈಡ್ ಕಾಪಿ ಸಿಗುತ್ತದೆ.

ಫಿಲ್ಟರ್ ಕಾಫಿ, ಶ್ರೀನಗರ

ಪಾಸ್‌ವರ್ಡ್ ಅಪ್ಪನಿಗೆ ಬಾಯಿಪಾಠ. ಕೇಳಿದ ತಕ್ಷಣ ಹೇಳಿದರು, ‘ಯಾರಿಗೂ ಹೇಳಬೇಡ’ ಅಂತ ಬೇರೆ ಸೇರಿಸಿದರು. ತ್ಯಾಗರಾಜನಗರದ ಚಿಕ್ಕಪ್ಪನ ಮನೆಯಲ್ಲಿ ಅದೇ ಮಾಡೆಲ್ ಡೆಸ್ಕ್‌ಟಾಪ್ ಇದೆ, ಒಟ್ಟಿಗೆ ತಗೊಂಡಿದ್ದು. ಅದರಲ್ಲಿ ನೋಡಲಾ?

ಸರ್ವಿಸ್ ಮಂಜಣ್ಣ

ಧಾರಾಳವಾಗಿ. ಚಿಕ್ಕಪ್ಪನ ಡಿಸ್ಕ್ ಕೇಬಲ್ ಬಿಚ್ಚಿ, ನಿಮ್ಮದೊಂದನ್ನೇ ಜೋಡಿಸಿ. ನೀಲಿ ಸ್ಕ್ರೀನ್ ಬಂದರೆ ಬಯೋಸ್‌ನಲ್ಲಿ (ವಿಂಡೋಸ್ ಏಳುವ ಮೊದಲು ತೆರೆಯುವ ಸೆಟಪ್ ಸ್ಕ್ರೀನ್) ಸಾಟಾ ಮೋಡ್ ಐಡಿಇ, ಎಎಚ್‌ಸಿಐ ಅಂತ ಎರಡಿರುತ್ತವೆ, ಇನ್ನೊಂದಕ್ಕೆ ಬದಲಾಯಿಸಿ ನೋಡಿ. ಕೆಲಸ ಮುಗಿದ ಮೇಲೆ ಮೊದಲಿದ್ದ ಹಾಗೇ ಇಡಿ, ಇಲ್ಲದಿದ್ದರೆ ಚಿಕ್ಕಪ್ಪನ ವಿಂಡೋಸ್ ಏಳಲ್ಲ. ಇಂಟರ್ನೆಟ್ ಕೇಬಲ್ ಮಾತ್ರ ಚುಚ್ಚಬೇಡಿ, ವಿಂಡೋಸ್ 7ಗೆ ಅಪ್‌ಡೇಟ್ ನಿಂತು ವರ್ಷಗಳಾದವು.